ಬಾ ಅಲ್ಲ, ಬನ್ನಿ

ಸುಬ್ಬರಾಯರು ಬಹಳ ಮರ್ಯಾದಸ್ಥರು. ಹಾಗೆಂದು ಅವರೇ ಹೇಳುತ್ತಾರೆ. ಬೇರೆ ಯಾರಾದರೂ ಹೇಳಲಿ ಎಂದು ಕೆಲವು ವರ್ಷ ಕಾದರಂತೆ. ಯಾರೂ ಬಾಯಿ ಬಿಡದಿದ್ದಾಗ ಆ ಕೆಲಸವನ್ನೂ ತಾವೇ ವಹಿಸಿಕೊಂಡರು.

ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ನಮ್ಮ ತೈಲ ಕಂಪೆನಿಯ ಕ್ವಾರ್ಟರ್ಸ್ ಇದೆ. ಅದರಲ್ಲಿ ಕೆಳಗಿನ ಮನೆ ನಮ್ಮದು, ಮೇಲಿನ ಮನೆ ಸುಬ್ಬರಾಯರದು. ಅವರು ಮೈಸೂರಿನವರು, ನಾನು ಧಾರವಾಡದ ಲಿಂಗರಾಜ. ಕನ್ನಡದ ಮರ್ಯಾದೆಯೆಲ್ಲ ಹುಟ್ಟುವುದು ಮೈಸೂರಿನಲ್ಲಿ, ಶ್ರೀರಂಗಪಟ್ಟಣ ದಾಟಿದ ಮೇಲೆ ಅದು ತೆಳ್ಳಗಾಗುತ್ತಾ ಹೋಗಿ ದಾವಣಗೆರೆಯ ಹೊತ್ತಿಗೆ ಪೂರ್ತಿ ಬತ್ತಿಹೋಗುತ್ತದೆ ಎಂಬುದು ಅವರ ಸಂಶೋಧನೆ. ನಾನು "ಬರ್ರಿ ರಾಯರ" ಎಂದು ಕರೆದರೆ ಸಾಕು, ಅನ್ನದಲ್ಲಿ ಕಲ್ಲು ಸಿಕ್ಕವರ ಮುಖ ಮಾಡಿ, "ಬನ್ನಿ ಅನ್ನಬೇಕು ಲಿಂಗರಾಜ್, ಬನ್ನಿ" ಎಂದು ತಿದ್ದುತ್ತಾರೆ. ಇಷ್ಟು ವರ್ಷ ಅವರು ತಿದ್ದುತ್ತಲೇ ಇದ್ದಾರೆ, ನಾನು "ಬರ್ರಿ" ಎನ್ನುತ್ತಲೇ ಇದ್ದೇನೆ.

ವಾಚ್‌ಮನ್, ಇಸ್ತ್ರಿಯವನು, ತಳ್ಳುಗಾಡಿಯ ತರಕಾರಿಯವನು, ಎಲ್ಲರಿಗೂ ಅವರದು ಬಹುವಚನ. ಹೆಂಡತಿ ಶಾರದಮ್ಮನೊಬ್ಬರಿಗೆ ಮಾತ್ರ ರಿಯಾಯಿತಿ. "ಏ ಇವಳೇ, ಬಾ ಇಲ್ಲಿ. ನನ್ನ ಕನ್ನಡಕ ಎಲ್ಲಿಟ್ಟೆ?" ಎಂಬ ಕೂಗು ದಿನಾ ಬೆಳಿಗ್ಗೆ ನಮ್ಮ ಮನೆಗೂ ಕೇಳುತ್ತದೆ. "ನಿಮ್ಮ ತಲೆ ಮೇಲೇ ಇದೆ ನೋಡಿ" ಎಂಬ ಉತ್ತರವೂ ಕೇಳುತ್ತದೆ. ಪ್ರಶ್ನೆ ಏಕವಚನ, ಉತ್ತರ ಬಹುವಚನ. ಇದರಲ್ಲಿ ಸುಬ್ಬರಾಯರಿಗೆ ಯಾವ ವ್ಯಾಕರಣದೋಷವೂ ಕಂಡಿರಲಿಲ್ಲ.

ಈ ಮರ್ಯಾದೆ ಮನೆಯೊಳಗೇ ಇದ್ದಿದ್ದರೆ ಊರಿಗೆ ತೊಂದರೆಯಿರಲಿಲ್ಲ. ಅದಕ್ಕೆ ಕಾಲು ಮೂಡಿದ್ದು ನಮ್ಮ ಜನರಲ್ ಮ್ಯಾನೇಜರ್ ಲಕ್ಷ್ಮೀನಾರಾಯಣ ಅವರು ರಾಯರ ಮನೆಗೆ ಕಾಫಿಗೆ ಬಂದ ದಿನ.

ಬಾಗಿಲು ತೆಗೆದವಳು ಮಗಳು ಮನಸ್ವಿನಿ. ಮೂರನೇ ಕ್ಲಾಸು. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಗುಜರಾತಿ, ಹಿಂದಿ ಎರಡೂ ನೀರು ಕುಡಿದಷ್ಟು ಸಲೀಸು. ಕನ್ನಡ ಮಾತ್ರ ಅಪ್ಪ ಅಮ್ಮ ತನ್ನೊಡನೆ ಎಷ್ಟು ಆಡಿದ್ದಾರೋ ಅಷ್ಟು. ಅವರು ಮಗುವಿನೊಡನೆ ಆಡಿದ್ದು ಬಾ, ಕೂತ್ಕೋ, ತಿನ್ನು, ಮಲಕ್ಕೋ. ಹಾಗಾಗಿ ಆಕೆ ಜನರಲ್ ಮ್ಯಾನೇಜರರ ಕೈ ಹಿಡಿದು, ಬಹಳ ಪ್ರೀತಿಯಿಂದ, "ಬಾ, ಕೂತ್ಕೋ. ಕಾಫಿ ಕುಡೀತೀಯಾ? ಚೆಲ್ಲಬೇಡ, ಆಯ್ತಾ?" ಎಂದಳು.

ಲಕ್ಷ್ಮೀನಾರಾಯಣರು ಹೊಟ್ಟೆ ಹಿಡಿದುಕೊಂಡು ನಕ್ಕರು. ಚೆಲ್ಲದೆ ಕಾಫಿ ಕುಡಿದರು. ಮಗುವಿನ ಕೆನ್ನೆ ತಟ್ಟಿ ಹೊರಟರು. ಸುಬ್ಬರಾಯರು ಮಾತ್ರ ತಮ್ಮ ಪ್ರಮೋಷನ್ ಆ ಲೋಟದಲ್ಲೇ ಮುಳುಗಿಹೋಯಿತೆಂದು ತೀರ್ಮಾನಿಸಿದರು.

ಮರುದಿನದಿಂದ ಮೇಲಿನ ಮನೆಯಲ್ಲಿ ಮಗಳು "ಬಾ" ಅನ್ನುವಂತಿಲ್ಲ. ಅವಳಿಗೆ ಅಭ್ಯಾಸವಾಗಲೆಂದು ರಾಯರು, "ಬನ್ನಿ ಮನಸ್ವಿನಿ, ಹಾಲು ಕುಡೀರಿ" ಎನ್ನತೊಡಗಿದರು. ಮನೆಗೆ ಬೇರೆ ಯಾರೋ ಬಂದಿದ್ದಾರೆಂದು ಮಗು ಹಿಂದೆ ತಿರುಗಿ ನೋಡಿತು. ಕಾಂಪೌಂಡಿನ ಬೆಕ್ಕನ್ನೂ ಅವರು "ಬನ್ನಿ, ಬನ್ನಿ" ಎಂದೇ ಕರೆದರು. ಬೆಕ್ಕು ಬರಲಿಲ್ಲ, ಅದು ಗುಜರಾತಿ ಬೆಕ್ಕು.

ಇದೇ ಹೊತ್ತಿಗೆ ಮನಸ್ವಿನಿಯ ಶಾಲೆಯಲ್ಲೂ ಮರ್ಯಾದೆಗೆ ಅಭಾವ ಬಂದಿತ್ತು. ಇನ್ಸ್‌ಪೆಕ್ಷನ್ನಿಗೆ ಬಂದ ಅಧಿಕಾರಿಯೊಬ್ಬರು ಮೂರನೇ ಕ್ಲಾಸಿಗೆ ಹೋಗಿ, "ಮಕ್ಕಳೇ, ನಿಮಗೆ ಏನು ಬೇಕು ಕೇಳಿ" ಎಂದರೆ, ಇಡೀ ಕ್ಲಾಸು ಒಕ್ಕೊರಲಿನಿಂದ, "ನೀವು ಹೋಗಬೇಕು. ನಮಗೆ ಪಿ.ಟಿ. ಪೀರಿಯಡ್ ಇದೆ" ಎಂದಿತಂತೆ. ಕೇಳಿದ್ದಕ್ಕೆ ನಿಜ ಹೇಳಿದ ಮಕ್ಕಳನ್ನು ಸುಮ್ಮನೆ ಬಿಡುವುದುಂಟೆ? ಹೆಡ್‌ಮಿಸ್ಟ್ರೆಸ್ ಜಾಗೃತಿಬೇನ್ ತಕ್ಷಣ "ಆದರ ಸಪ್ತಾಹ" ಘೋಷಿಸಿದರು. ವಾರವಿಡೀ ಮಕ್ಕಳಿಗೆ ಹಿರಿಯರನ್ನು ಗೌರವಿಸುವ ತರಬೇತಿ. ಕೊನೆಯ ದಿನ ಶಾಲೆಯ ಟ್ರಸ್ಟಿ ದಾಮ್ಜಿಭಾಯ್ ಅವರ ತಾಯಿ ರಂಭಾಬಾ ಅವರಿಗೆ ಸನ್ಮಾನ.

"ಬಾ" ಎಂದರೆ ಗುಜರಾತಿಯಲ್ಲಿ ತಾಯಿ, ಇಲ್ಲವೆ ಅಜ್ಜಿ. ಬಹಳ ಗೌರವದ ಮಾತು. ಇದು ಸುಬ್ಬರಾಯರಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು, ಕಿವಿ ಒಪ್ಪುತ್ತಿರಲಿಲ್ಲ. ಊರಿನ ಜನರೆಲ್ಲ ಎಂಬತ್ತು ದಾಟಿದ ಹೆಂಗಸಿನ ಮುಂದೆ ಕೈ ಮುಗಿದು ನಿಂತು "ಬಾ, ಬಾ" ಎನ್ನುವುದನ್ನು ಕೇಳಿದಾಗಲೆಲ್ಲ ಅವರಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಪೋಷಕರ ಸಭೆಯಲ್ಲಿ ಜಾಗೃತಿಬೇನ್, "ಸ್ವಾಗತದಲ್ಲಿ ಏನಾದರೂ ಹೊಸತು ಮಾಡೋಣ" ಎಂದದ್ದೇ ತಡ, ರಾಯರು ಎದ್ದು ನಿಂತರು.

"ಮೇಡಂ, ನಮ್ಮ ಕನ್ನಡದಲ್ಲಿ ಒಂದು ಪದ ಇದೆ. ಅದರಲ್ಲಿ ಸ್ವಾಗತವೂ ಇದೆ, ಗೌರವವೂ ಇದೆ. ಎರಡೇ ಅಕ್ಷರ."

"ನಮ್ಮಲ್ಲೂ 'ಪಧಾರೋ' ಇದೆಯಲ್ಲ?"

"ಅದು ಸೀರೆ ಅಂಗಡಿ ಬಾಗಿಲಲ್ಲೂ ಇರುತ್ತೆ ಮೇಡಂ."

ಜಾಗೃತಿಬೇನ್ ಒಪ್ಪಿದರು. ಉಚಿತವಾಗಿ ಕೆಲಸ ಮಾಡುವ ಪೋಷಕರನ್ನು ಯಾವ ಹೆಡ್‌ಮಿಸ್ಟ್ರೆಸ್ ತಾನೆ ಬೇಡ ಎನ್ನುತ್ತಾರೆ? ಮರುದಿನ ಆಫೀಸಿನ ದಾರಿಯಲ್ಲಿ ನಾನು, "ರಾಯರ, 'ಬರ್ರಿ' ಅಂತ ಕಲಸ್ರಿ. ಹುಡುಗರ ಬಾಯಿಗೂ ಹಗುರ" ಎಂದೆ. ಅವರು ನನ್ನನ್ನು ಬಿಟ್ಟು ಎರಡು ಹೆಜ್ಜೆ ಮುಂದೆ ನಡೆದರು.

ತರಬೇತಿಯ ದಿನ ಚಪ್ಪಾಳೆ ತಟ್ಟಲು ನನ್ನನ್ನೂ ಕರೆದುಕೊಂಡು ಹೋದರು. ಮೂರನೇ ಕ್ಲಾಸಿನ ಮಕ್ಕಳು ಸಾಲಾಗಿ ನಿಂತಿದ್ದವು.

"ರಂಭಾಬಾ ಬಂದಾಗ ಏನಂತೀರಿ?"

"ಬಾ...!" ಎಂದು ಮಕ್ಕಳು ಕೂಗಿದವು.

ರಾಯರು ಕಿವಿ ಮುಚ್ಚಿಕೊಂಡರು. ಆಮೇಲೆ ಮೈಸೂರಿನ ಹಿಂದಿಯಲ್ಲಿ ಅಪ್ಪಣೆಯಾಯಿತು. "ಬಾ ನಹೀಂ ಬೋಲ್ನಾ. ಬನ್ನಿ ಬೋಲ್ನಾ. ಬಾ ಅಂದವರು ಕ್ಲಾಸಿನ ಹೊರಗೆ."

ಮಕ್ಕಳು ಮುಖ ಮುಖ ನೋಡಿಕೊಂಡವು. ಆಮೇಲೆ ಹಿಂದಿನ ಗೋಡೆ ನೋಡಿದವು. ಆಮೇಲೆ ಬಿದ್ದು ಬಿದ್ದು ನಗತೊಡಗಿದವು.

"ಅಂಕಲ್, ನಿಜವಾಗಿಯೂ ರಂಭಾಬಾ ಅವರನ್ನ ಬನ್ನಿ ಅನ್ನಬೇಕಾ?"

"ಜೋರಾಗಿ ಅನ್ನಬೇಕು!"

"ನೋಡಿದಿರಾ ಲಿಂಗರಾಜ್," ಎಂದು ರಾಯರು ನನ್ನತ್ತ ಬಗ್ಗಿದರು. "ಗೌರವ ಕೊಡೋದರಲ್ಲಿ ಎಂಥಾ ಆನಂದ ಇದೆ ಅಂತ ಮಕ್ಕಳಿಗೆ ಗೊತ್ತಾಗಿಬಿಡ್ತು."

ಅಷ್ಟರಲ್ಲಿ ಒಬ್ಬಳು ಹುಡುಗಿ ಎರಡೂ ಕೈ ಎತ್ತಿ, ತಲೆಯ ಎರಡು ಪಕ್ಕಕ್ಕೆ ಇಟ್ಟು, ಬೆರಳುಗಳನ್ನು ಒಳಕ್ಕೆ ಸುರುಳಿ ಸುತ್ತಿ, "ಹೀಗೆ ಮಾಡಿಕೊಂಡು ಹೇಳಲಾ ಅಂಕಲ್?" ಎಂದಳು. ಇದು ಈ ನಾಡಿನ ಹಳೆಯ ನಮಸ್ಕಾರವಿರಬೇಕೆಂದು ರಾಯರಿಗೆ ಹೊಳೆಯಿತು. ಸ್ಥಳೀಯ ಸಂಪ್ರದಾಯವನ್ನು ಗೌರವಿಸುವುದೂ ಗೌರವವೇ ತಾನೆ? ಎಲ್ಲರೂ ಹಾಗೆಯೇ ಮಾಡಬೇಕೆಂದು ಆಜ್ಞೆ ಮಾಡಿದರು. ನಾನು ಚಪ್ಪಾಳೆ ತಟ್ಟಿದೆ.

ಮನೆಗೆ ಬರುವಾಗ ಮನಸ್ವಿನಿ ಅಪ್ಪನ ಅಂಗಿ ಜಗ್ಗಿದಳು. "ಅಪ್ಪ, ಬನ್ನಿ ಅಂದ್ರೆ ಇಲ್ಲಿ..."

"ದೊಡ್ಡವರಿಗೆ ಎದುರುತ್ತರ ಕೊಡಬಾರದು ಅಂತ ಹೇಳಿಲ್ವಾ?"

ಮಗು ಬಾಯಿ ಮುಚ್ಚಿಕೊಂಡಿತು. ಆದರ ಸಪ್ತಾಹ ಫಲ ಕೊಡತೊಡಗಿತ್ತು.

ಸನ್ಮಾನದ ದಿನ ಶಾಲೆಯ ಅಂಗಳದಲ್ಲಿ ಪೆಂಡಾಲು, ಮೈಕು, ಮಾವಿನ ತೋರಣ. ರಂಭಾಬಾ ಕಾರಿನಿಂದ ಇಳಿದರು. ಬಿಳಿ ಸೀರೆ, ಎತ್ತರದ ಆಳು, ಕೈಯಲ್ಲಿ ಕೋಲು. ಹಿಂದೆ ಮಗ ದಾಮ್ಜಿಭಾಯ್, ಊರಿನ ಅರ್ಧ ಫ್ಲ್ಯಾಟುಗಳನ್ನು ಕಟ್ಟಿಸಿದ ಬಿಲ್ಡರ್. ಜಾಗೃತಿಬೇನ್ ಮೈಕಿನಲ್ಲಿ, "ಬಾ ಪಧಾರ್ಯಾ!" ಎಂದು, ಅಂದರೆ ಬಾ ದಯಮಾಡಿಸಿದರೆಂದು, ಸಾರಿದರು.

"ಬಾ ನಹೀಂ!" ಎಂದು ಸುಬ್ಬರಾಯರು ಸಾಲಿನ ಪಕ್ಕದಿಂದ ಕೂಗಿದರು.

"ಬನ್ನಿ! ಬನ್ನಿ! ಬನ್ನಿ!" ಎಂದು ಮೂರನೇ ಕ್ಲಾಸು ತಲೆಯ ಪಕ್ಕ ಕೈ ಸುರುಳಿ ಸುತ್ತಿ ಆಕಾಶ ಹಾರಿಹೋಗುವಂತೆ ಅರಚಿತು.

ಪೆಂಡಾಲಿನಲ್ಲಿ ಮೊದಲು ಒಬ್ಬರು ನಕ್ಕರು. ಅವರು ನಕ್ಕಿದ್ದು ನೋಡಿ ನಗಬಾರದೆಂದು ತಡೆದುಕೊಂಡಿದ್ದವರೆಲ್ಲ ನಕ್ಕರು. ದಾಮ್ಜಿಭಾಯ್ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. "ಯಾರು ಕಲಿಸಿದ್ದು ಇದನ್ನ?" ಎಂದು ಗರ್ಜಿಸಿದರು. ಇದುವರೆಗೆ ಪಾಠದ ಯಾವ ಪ್ರಶ್ನೆಗೂ ಒಟ್ಟಾಗಿ ಸರಿಯುತ್ತರ ಕೊಡದಿದ್ದ ಮಕ್ಕಳೆಲ್ಲ ಒಟ್ಟಾಗಿ ಮನಸ್ವಿನಿಯತ್ತ ಬೆರಳು ಮಾಡಿದವು. "ಇವಳ ಭಾಷೆ! ಇವಳ ಭಾಷೆ!"

"ಏನಂತಾರೆ ಮಕ್ಕಳು?" ಎಂದು ರಂಭಾಬಾ ಕೇಳಿದರು. ಯಾರೂ ಹೇಳಲಿಲ್ಲ. ಆಕೆಗೆ ಆದ ಅವಮಾನದ ವಿಚಾರಣೆಯಲ್ಲಿ ಎಲ್ಲರೂ ಮುಳುಗಿದ್ದರು. ಆಕೆಗೊಂದು ಕುರ್ಚಿ ಹಾಕುವಷ್ಟು ಪುರುಸೊತ್ತೂ ಯಾರಿಗೂ ಇರಲಿಲ್ಲ. ನಿಂತೇ ಇದ್ದ ಆಕೆಯನ್ನು ದಾಮ್ಜಿಭಾಯ್ ಮತ್ತೆ ಕಾರಿಗೆ ಹತ್ತಿಸಿ ಕರೆದುಕೊಂಡು ಹೋದರು. ಶಾಲು, ಹಾರ ಎರಡೂ ಮೇಜಿನ ಮೇಲೆಯೇ ಉಳಿದವು.

ಜಾಗೃತಿಬೇನ್ ಸುಬ್ಬರಾಯರನ್ನು ಮೂರನೇ ಕ್ಲಾಸಿನೊಳಗೆ ಎಳೆದುಕೊಂಡು ಹೋಗಿ ಹಿಂದಿನ ಗೋಡೆ ತೋರಿಸಿದರು. ಅಲ್ಲೊಂದು ಚಾರ್ಟು: ಗುಜರಾತಿನ ಪಶುಸಂಪತ್ತು. ಮೊದಲ ಸಾಲಿನಲ್ಲಿ ಗೀರ್ ಹಸು. ಎರಡನೆಯ ಸಾಲಿನಲ್ಲಿ ಕಪ್ಪಗೆ ಮಿರಿಮಿರಿ ಮಿನುಗುವ ದೊಡ್ಡ ಎಮ್ಮೆ. ಕೊಂಬುಗಳು ತಲೆಯ ಎರಡೂ ಪಕ್ಕದಲ್ಲಿ ಸುರುಳಿ ಸುರುಳಿ. ಕೆಳಗೆ ಗುಜರಾತಿಯಲ್ಲಿ ದಪ್ಪ ಅಕ್ಷರ: "ಬನ್ನಿ". ಕಚ್ಛ್ ಸೀಮೆಯ ಬನ್ನಿ ಹುಲ್ಲುಗಾವಲಿನ ಹೆಸರಾಂತ ತಳಿ.

"ಮೇಡಂ, ಮೊದಲೇ ಹೇಳಬಾರದಿತ್ತೇ?" ಎಂದು ರಾಯರು ಕುಸಿದರು.

"ನಾನು ಸೂರತ್ತಿನ ಅಡಾಜಣ್‌ನವಳು," ಎಂದರು ಜಾಗೃತಿಬೇನ್ ಅಳುದನಿಯಲ್ಲಿ. "ನಮ್ಮ ಕಡೆ ಎಮ್ಮೆ ಅಂದರೆ ಹಾಲಿನ ಪ್ಯಾಕೆಟ್."

ದಾಮ್ಜಿಭಾಯ್ ಅವರ ಮನೆತನ ಕಚ್ಛ್‌ನದು. ಹಿಂದಿನವರು ಬನ್ನಿ ಎಮ್ಮೆ ಕಟ್ಟಿ ಹಾಲು ಮಾರಿದವರು. ಈಗ ಫ್ಲ್ಯಾಟ್ ಮಾರುವ ದಾಮ್ಜಿಭಾಯ್‌ಗೆ ಆ ಎಮ್ಮೆಗಳನ್ನು ಊರು ಮರೆಯಲಿ ಎಂಬ ಆಸೆ. ಊರು ಮರೆತಿತ್ತು ಕೂಡ. ಮೈಸೂರಿನಿಂದ ಒಬ್ಬರು ಬಂದು ಮೈಕಿನ ಮುಂದೆ ನೆನಪಿಸಬೇಕಾಯಿತು.

ಸಂಜೆಯೊಳಗೆ ಸೊಸೈಟಿಯ ವಾಟ್ಸ್ಯಾಪ್ ಗ್ರೂಪುಗಳಲ್ಲೆಲ್ಲ ಎಮ್ಮೆಯ ಚಿತ್ರ. ಮೈಸೂರಿನಿಂದ ರಾಯರ ಅತ್ತೆ ಫೋನ್ ಮಾಡಿ, "ಅಳಿಯಂದ್ರೇ, ಯಾರೋ ದೊಡ್ಡವರನ್ನ ಎಮ್ಮೆ ಅಂದುಬಿಟ್ರಂತೆ? ನಮ್ಮ ಹುಡುಗೀನ ಇನ್ನೇನೇನು ಅಂತೀರೋ" ಎಂದು ಮೂಗು ಸೊರ್ ಎನ್ನಿಸಿದರು. ಅದರ ಹಿಂದೆಯೇ ಶಾಲೆಯಿಂದ ಫೋನು ಬಂತು. ನಾಳೆ ಟ್ರಸ್ಟಿಯವರ ಮುಂದೆ ಹಾಜರಾಗಬೇಕು. ಸಮಾಧಾನವಾಗದಿದ್ದರೆ ಮನಸ್ವಿನಿಯ ಟಿ.ಸಿ. ಕೈಗೆ ಕೊಡಲಾಗುವುದು.

ಇದನ್ನು ಕೇಳಿ ನನಗೂ ನಗು ನಿಂತಿತು. ನಡುವರ್ಷದಲ್ಲಿ ಟಿ.ಸಿ. ಹಿಡಿದುಕೊಂಡು ಆ ಮಗು ಹೋಗುವುದೆಲ್ಲಿಗೆ? ಸ್ನೇಹಿತೆಯರೆಲ್ಲ ಇರುವುದು ಅಲ್ಲೇ. ಮೆಟ್ಟಿಲ ಮೇಲೆ ಕೂತು, "ಅಂಕಲ್, ನಾನು ಯಾರಿಗೂ ಕೆಟ್ಟ ಮಾತು ಹೇಳಿಲ್ಲ" ಎಂದು ನನಗೆ ಗುಜರಾತಿಯಲ್ಲಿ ಹೇಳಿ ಅತ್ತಳು. ನಾನೂ ಅವಳ ಪಕ್ಕದಲ್ಲಿ ಕೂತೆ.

ಸುಬ್ಬರಾಯರು ಮಾತ್ರ ಕೇಸು ಗೆದ್ದವರ ಉತ್ಸಾಹದಲ್ಲಿದ್ದರು. ಅವರ ಯೋಜನೆ ಸರಳ. ಬನ್ನಿ ಎಂಬುದು ಕನ್ನಡದ ಗೌರವದ ಮಾತೆಂದು ನಾನು ಸಾಕ್ಷಿ ಹೇಳುವುದು. ಆಮೇಲೆ ಮನಸ್ವಿನಿ "ಬನ್ನಿ, ಕೂತ್ಕೊಳ್ಳಿ" ಎಂದು ಮಾಡಿ ತೋರಿಸುವುದು. "ಏ ಇವಳೇ, ನೀನೂ ಬಾ. ಸುಮ್ನೆ ಕೂತಿರು, ಬಾಯಿ ಬಿಡಬೇಡ" ಎಂದು ಶಾರದಮ್ಮನನ್ನೂ ಹೊರಡಿಸಿದರು.

ಹೆಡ್‌ಮಿಸ್ಟ್ರೆಸ್ ಕೋಣೆಯಲ್ಲಿ ದಾಮ್ಜಿಭಾಯ್ ಕೂತಿದ್ದರು. ನಾನು ಹಿಂದಿಯಲ್ಲಿ ಸಾಕ್ಷಿ ಹೇಳಿದೆ. "ಸಾಹೇಬರೇ, ಬನ್ನಿ ಅಂದರೆ ಆವೋ, ಪಧಾರೋ ಅಂತ ಅರ್ಥ." ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಧಾರವಾಡದ ಮಾನವೂ ಒಂದಿದೆಯಲ್ಲ? "ಹಾಗೆ ನೋಡಿದರೆ ನಮ್ಮ ಕಡೆ 'ಬನ್ನಿ' ಅನ್ನುವುದಿಲ್ಲ. 'ಬರ್ರಿ' ಅಂತೇವೆ" ಎಂದು ಸೇರಿಸಿ, ಉದಾಹರಣೆಗೆಂದು ಗಟ್ಟಿಯಾಗಿ, "ಬರ್ರಿ!" ಎಂದೆ.

ಮೂಲೆಯಲ್ಲಿದ್ದ ಪ್ಯೂನ್ ಎದ್ದು ಹೋಗಿ ಕಿಟಕಿ ತೆಗೆದ. ಗುಜರಾತಿಯಲ್ಲಿ "ಬಾರಿ" ಎಂದರೆ ಕಿಟಕಿ.

ದಾಮ್ಜಿಭಾಯ್ ಮೇಜು ಗುದ್ದಿದರು. "ಅಂದರೆ ನಿಮ್ಮ ಭಾಷೆಯಲ್ಲಿ ಬೇರೆ ಪದವೂ ಇತ್ತು! ಅದನ್ನು ಬಿಟ್ಟು ಎಮ್ಮೆಯನ್ನೇ ಆರಿಸಿಕೊಂಡಿರಿ!"

ರಾಯರು ನನ್ನನ್ನು ಸುಟ್ಟುಬಿಡುವಂತೆ ನೋಡಿ ವಾದವನ್ನು ತಾವೇ ಕೈಗೆತ್ತಿಕೊಂಡರು. "ಹಾಗಲ್ಲ ಸಾಹೇಬ್, ಕೇಳಿ. ತಪ್ಪು ಇರೋದು ಬನ್ನಿಯಲ್ಲಲ್ಲ, ಬಾದಲ್ಲಿ. ನಮ್ಮಲ್ಲಿ 'ಬಾ' ಅಂತ ದೊಡ್ಡವರಿಗೆ ಯಾರೂ ಅನ್ನಲ್ಲ. ಬಾ ಅಂದರೆ ಮಕ್ಕಳಿಗೆ ಅನ್ನೋದು, ನಾಯಿಗೆ ಅನ್ನೋದು..."

ಜಾಗೃತಿಬೇನ್ ಕಣ್ಣು ಮುಚ್ಚಿಕೊಂಡರು.

"ನಿನ್ನೆ ಎಮ್ಮೆ, ಇವತ್ತು ನಾಯಿ!" ದಾಮ್ಜಿಭಾಯ್ ಎದ್ದು ನಿಂತರು. "ಬೇನ್, ಟಿ.ಸಿ. ಬರೆಯಿರಿ!"

"ಸಾಹೇಬ್, ಗೌರವ ಅನ್ನೋದು..." ಎಂದು ರಾಯರೂ ದನಿ ಏರಿಸಿದರು. "ಗೌರವದ ಮಾತು ನನಗೆ ಹೇಳಬೇಡಿ!" ಎಂದು ದಾಮ್ಜಿಭಾಯ್ ಅದಕ್ಕಿಂತ ಏರಿಸಿದರು. ಗೌರವದ ಬಗ್ಗೆ ಅಷ್ಟು ಜೋರಾದ ಚರ್ಚೆ ನಾನಂತೂ ಹಿಂದೆ ಕೇಳಿರಲಿಲ್ಲ. ಇದರ ನಡುವೆ ಬಾಗಿಲಲ್ಲಿ ರಂಭಾಬಾ ಕೋಲೂರಿ ನಿಂತಿದ್ದರು. ಮನೆಯಲ್ಲಿ ಯಾರ ಮಾತೂ ಕೇಳದೆ ರಿಕ್ಷಾ ಹಿಡಿದು ಬಂದಿದ್ದರಂತೆ. ಆಕೆ ಬಂದದ್ದನ್ನು ನಾವು ಯಾರೂ ಗಮನಿಸಿರಲಿಲ್ಲ.

ನೋಡಿದವಳು ಮನಸ್ವಿನಿ ಒಬ್ಬಳೇ. ತಾನು ಮಾಡಿ ತೋರಿಸಬೇಕಾದ ಸಮಯ ಇದೇ ಎಂದು ಅವಳಿಗೆ ಅನ್ನಿಸಿತೋ ಏನೋ. ಕುರ್ಚಿಯೊಂದನ್ನು ಕರಕರ ಎಳೆದುಕೊಂಡು ಹೋದಳು. ಆದರೆ ಆ ಎಮ್ಮೆಯ ಪದವನ್ನು ಮತ್ತೆ ಆಡಲು ಧೈರ್ಯವಾಗಲಿಲ್ಲ. ಅಜ್ಜಿಯ ಕೈ ಹಿಡಿದು, ತನಗೆ ಗೊತ್ತಿದ್ದ ಕನ್ನಡದಲ್ಲಿ, "ಬಾ, ಕೂತ್ಕೋ" ಎಂದಳು.

ರಂಭಾಬಾಗೆ "ಬಾ" ಎಂಬುದು ಕೇಳಿಸಿತು, ಕುರ್ಚಿ ಕಾಣಿಸಿತು. ನಿಟ್ಟುಸಿರು ಬಿಟ್ಟು ಕೂತರು. ಜಗಳವಾಡುತ್ತಿದ್ದ ಇಬ್ಬರೂ ಅತ್ತ ತಿರುಗಿದರು. ದಾಮ್ಜಿಭಾಯ್ ಮುಖ ಮೆತ್ತಗಾಗುತ್ತಿತ್ತು. ಎಲ್ಲವೂ ಸರಿಹೋಗಲಿತ್ತು.

"ಕೂತ್ಕೋ ಅಲ್ಲ ಕಣೇ!" ಎಂದು ಸುಬ್ಬರಾಯರು ಕಿರುಚಿದರು. ಏಕವಚನ ಕಿವಿಗೆ ಬಿದ್ದ ಮೇಲೆ ಅವರು ತಮ್ಮ ಹಿಡಿತದಲ್ಲಿರಲಿಲ್ಲ.

"ಏನಂತಾನೆ ನಿನ್ನಪ್ಪ?" ಎಂದು ರಂಭಾಬಾ ಕೇಳಿದರು.

ಮಗು ಪ್ರಾಮಾಣಿಕವಾಗಿ ಅನುವಾದ ಮಾಡಿತು. "ಪಪ್ಪಾ ಬೇಸ್ವಾನೀ ನಾ ಪಾಡೇ ಛೇ." ಅಂದರೆ, ಅಪ್ಪ ನಿಮ್ಮನ್ನು ಕೂರಬೇಡ ಅಂತಿದ್ದಾರೆ.

ರಂಭಾಬಾ ಕೋಲೂರಿ ಮೆಲ್ಲನೆ ಎದ್ದು ನಿಂತರು. ದಾಮ್ಜಿಭಾಯ್ ಮತ್ತೆ ಮೇಜು ಗುದ್ದಿದರು. ಜಾಗೃತಿಬೇನ್ ಟಿ.ಸಿ. ಪುಸ್ತಕ ಹುಡುಕತೊಡಗಿದರು. ಪ್ಯೂನ್ ಕಿಟಕಿ ಮುಚ್ಚಿದ.

"ನಿನ್ನೆ ನನ್ನನ್ನ ಏನಂತ ಕೂಗಿದಿರಿ?" ಅಜ್ಜಿ ಮಗುವನ್ನೇ ಕೇಳಿದರು.

"ಬನ್ನಿ. ದೊಡ್ಡವರಿಗೆ ಹಾಗನ್ನಬೇಕಂತೆ. ಬಾ ಅಂತ ದೊಡ್ಡವರಿಗೆ ಅನ್ನಬಾರದಂತೆ."

"ಅದು ಎಮ್ಮೆ ಅಂತ ನಿನಗೆ ಗೊತ್ತಿರಲಿಲ್ಲವಾ?"

"ಗೊತ್ತಿತ್ತು. ಆದರೆ ಎದುರುತ್ತರ ಕೊಡಬಾರದು."

"ಸರಿ. ನಿನ್ನಪ್ಪ ಮನೆಯಲ್ಲಿ ಎಲ್ಲರಿಗೂ ಬನ್ನಿ ಅಂತಾನಾ?"

"ಹೂಂ. ಬೆಕ್ಕಿಗೂ ಅಂತಾರೆ." ಮಗು ಸ್ವಲ್ಪ ಯೋಚಿಸಿತು. ಆದರ ಸಪ್ತಾಹದಲ್ಲಿ ಸುಳ್ಳು ಹೇಳಬಾರದೆಂದೂ ಕಲಿಸಿದ್ದರು. "ಅಮ್ಮನಿಗೆ ಮಾತ್ರ ಬಾ ಅಂತಾರೆ."

ಗುಜರಾತಿಗಳೆಲ್ಲ ಬೆರಗಾಗಿ ಸುಬ್ಬರಾಯರನ್ನು ನೋಡಿದರು. ಹೆಂಡತಿಯನ್ನು ತಾಯಿ ಎಂದು ಕರೆಯುವ ಗಂಡಸು! ಆದರೆ ಬಾ ಎಂದು ಯಾರಿಗೆ ಅನ್ನುತ್ತಾರೆಂದು ರಾಯರೇ ಈಗಷ್ಟೇ ವಿವರಿಸಿದ್ದರಲ್ಲ. ದಾಮ್ಜಿಭಾಯ್‌ಗೆ ಅದು ನೆನಪಾಯಿತು. ಜಾಗೃತಿಬೇನ್‌ಗೂ ನೆನಪಾಯಿತು. ಒಬ್ಬೊಬ್ಬರಾಗಿ ಎಲ್ಲರೂ ಶಾರದಮ್ಮನ ಕಡೆ ತಿರುಗಿದರು. ಆಕೆ ಸೆರಗಿನ ಅಂಚನ್ನು ನೋಡುತ್ತಾ ಕೂತಿದ್ದರು. ಬಾಯಿ ಬಿಡಲಿಲ್ಲ, ಬಿಡಬೇಡ ಎಂದು ಅಪ್ಪಣೆಯಾಗಿತ್ತಲ್ಲ. ನನಗೆ ಆಕೆಯ ಮುಖ ನೋಡಲಾಗಲಿಲ್ಲ.

ರಂಭಾಬಾ ಮತ್ತೆ ಕೂತರು. ಮೊದಲು ಮಗನನ್ನು ತರಾಟೆಗೆ ತೆಗೆದುಕೊಂಡರು. "ದಾಮ್ಜಿ, ನಾನು ಮದುವೆಯಾಗಿ ಬಂದಾಗ ನಿನ್ನಜ್ಜ ನನಗೆ ಒಂದು ಬನ್ನಿ ಎಮ್ಮೆ ಕೊಟ್ಟಿದ್ದರು. ಅದರ ಹಾಲಲ್ಲಿ ನೀನು ಬೆಳೆದದ್ದು. ಅದು ನಿಂತರೆ ನಿನ್ನಪ್ಪ ಓಡಿಬಂದು ನೀರಿಡುತ್ತಿದ್ದರು. ನಾನು ನಿನ್ನೆಯಿಂದ ನಿಂತೇ ಇದ್ದೇನೆ, ಕೂರು ಅಂದದ್ದು ಈ ಹುಡುಗಿ ಒಬ್ಬಳೇ. ನನ್ನನ್ನು ಎಮ್ಮೆ ಅಂತಾದರೂ ತಿಳಿದುಕೊಂಡಿದ್ದರೆ ನೀರು ಸಿಗುತ್ತಿತ್ತು."

ದಾಮ್ಜಿಭಾಯ್ ತಾವೇ ಓಡಿಹೋಗಿ ನೀರು ತಂದರು.

"ಇವಳು ಇದೇ ಶಾಲೆಯಲ್ಲಿ ಓದುತ್ತಾಳೆ," ಎಂದು ನೀರು ಕುಡಿದು ಅಜ್ಜಿ ಹೇಳಿದರು. ಆಮೇಲೆ ಕೋಲನ್ನು ಸುಬ್ಬರಾಯರತ್ತ ಚಾಚಿದರು. "ಕೂರಬೇಡ ಅಂದನಲ್ಲ, ಇವನು ನಿಂತಿರಲಿ."

ಚಹಾ ಬಂತು. ಕಡಲೆಹಿಟ್ಟಿನ ಗಾಂಠಿಯಾ ಬಂತು. ನಾವೆಲ್ಲ ಕೂತು ತಿಂದೆವು, ಶಾರದಮ್ಮನಿಗೆ ರಂಭಾಬಾ ಪಕ್ಕದ ಕುರ್ಚಿ. ಸುಬ್ಬರಾಯರು ಬಾಗಿಲ ಬಳಿ ಕಪ್ಪು ಹಿಡಿದು ನಿಂತೇ ಚಹಾ ಕುಡಿದರು. ಅವರ ಕಪ್ಪಿನಿಂದ ಒಂದು ಗುಟುಕು ಚೆಲ್ಲಿತು.

ಆ ರಾತ್ರಿ ಊಟದ ಹೊತ್ತಿಗೆ ಮೇಲಿನ ಮನೆಯಲ್ಲಿ ನಾನೂ ಇದ್ದೆ, ಟಿ.ಸಿ. ತಪ್ಪಿದ್ದಕ್ಕೆ ಶಾರದಮ್ಮ ಪಾಯಸ ಮಾಡಿದ್ದರು. ರಾಯರು ಹಾಲ್‌ನಲ್ಲಿ ಪೇಪರು ಹಿಡಿದು ಕೂತಿದ್ದರು. ಅದು ತಲೆಕೆಳಗಾಗಿತ್ತು. ಕನ್ನಡಕ ತಲೆಯ ಮೇಲಿತ್ತು. ಕೂಗಬೇಕೆಂದು ಬಾಯಿ ತೆರೆದರು, ಏನೆಂದು ಕೂಗುವುದೋ ತಿಳಿಯದೆ ಮುಚ್ಚಿಕೊಂಡರು.

ಒಳಗಿನಿಂದ ಶಾರದಮ್ಮನ ದನಿ ಬಂತು. "ಬಾ, ಊಟಕ್ಕೆ."

ಮನಸ್ವಿನಿ ಬಣ್ಣದ ಪೆನ್ಸಿಲು ಬಿಟ್ಟು ಎದ್ದಳು.

"ನಿನ್ನಲ್ಲ ಪುಟ್ಟಿ," ಎಂದರು ಶಾರದಮ್ಮ. "ಅಪ್ಪನ್ನ."

ಸುಬ್ಬರಾಯರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಅವರು ಪೇಪರು ಮಡಿಸಿಟ್ಟು ಎದ್ದರು, ಒಳಗೆ ಹೋದರು.